ನೆಲದೊಳಗಣ ಸೋರಿಕೆಗೆ ವಿದ್ಯುತ್ತಿನ ಸಾಕ್ಷ್ಯ

ಬೆಸೆಂಟ್ ನಗರದ ಮರಳಿನಡಿ ಮಳೆಯ ಸಿಹಿನೀರುಂಟು. ಅದರ ಮಗ್ಗುಲಲ್ಲೇ ಕಡಲ ಉಪ್ಪುನೀರು. ನಮ್ಮ ನೈರುತ್ಯಕ್ಕೆ, ಪಳ್ಳಿಕರಣೆಯ ಜೌಗುನೆಲದಲ್ಲಿ, ಪೆರುಂಗುಡಿಯ ಕಸದ ರಾಶಿ ದಶಕಗಳ ಕಾಲ ಬೆಳೆಯಿತು. ಇಂತಹ ರಾಶಿಗಳಿಂದ ಇಳಿಯುವ ಕೊಳೆರಸ ಎಲ್ಲಿಗೆ ಹರಿಯಿತೆಂಬುದನ್ನು ನೆಲವನ್ನು ಅಗೆಯದೆ ತಿಳಿಯುವುದುಂಟೆ?

ಬಹುಮಟ್ಟಿಗೆ ಉಂಟು. ನಾಲ್ಕು ಲೋಹದ ಗೂಟಗಳನ್ನು ನೆಟ್ಟು, ಎರಡರ ಮೂಲಕ ವಿದ್ಯುತ್ತನ್ನು ಹರಿಯಿಸಿ, ಉಳಿದೆರಡರ ನಡುವಣ ವಿಭವಾಂತರವನ್ನು ಅಳೆಯುತ್ತಾರೆ. ಗೂಟಗಳ ಅಂತರ ಹೆಚ್ಚಿದಂತೆ ಅಳತೆಯು ಆಳಕ್ಕಿಳಿಯುತ್ತದೆ. ಇಂತಹ ನೂರಾರು ಅಳತೆಗಳಿಂದ ಗಣಕಯಂತ್ರವು ನೆಲದ ಸೀಳುನೋಟವನ್ನು ರಚಿಸುತ್ತದೆ. ಲವಣ ಕರಗಿದ ನೀರು ವಿದ್ಯುತ್ತಿಗೆ ಸುಲಭವಾಗಿ ದಾರಿಗೊಡುವುದು. ಸಮುದ್ರಜಲದ ರೋಧಶೀಲತೆ ಸುಮಾರು 0.2 ಓಮ್-ಮೀಟರ್, ಸಿಹಿನೀರಿನದು ಸಾಮಾನ್ಯವಾಗಿ 10ಕ್ಕೂ ಮೇಲೆ. ಕೊಳೆರಸವೂ ಲವಣಯುಕ್ತವಾದುದರಿಂದ ಚಿತ್ರದಲ್ಲಿ ಬೇರೆಯಾಗಿ ತೋರುತ್ತದೆ.

1984ರ ದುರಂತ ನಡೆದ ಭೋಪಾಲದ ಕಾರ್ಖಾನೆಯ ಆವರಣದಲ್ಲಿ ಹೂತಿದ್ದ ತ್ಯಾಜ್ಯವನ್ನು ಅರಸಲು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ತನ್ನ 2010ರ ಅಧ್ಯಯನದಲ್ಲಿ ಈ ವಿಧಾನವನ್ನೇ ಬಳಸಿತು.

ಆದರೆ ರೋಧ ತಗ್ಗಿದಲ್ಲೆಲ್ಲ ವಿಷವಿದೆಯೆನ್ನಲಾಗದು. ಜೇಡಿಮಣ್ಣೂ ಕಡಲ ಉಪ್ಪೂ ಹಾಗೆಯೇ ತೋರುವುವು. ಲವಣವಿಲ್ಲದ ಕೆಲವು ವಿಷದ್ರವಗಳಾದರೋ ಕಣ್ಣಿಗೆ ಬೀಳದೆಯೂ ಹೋದಾವು. ಒಂದು ದಿನದ ಶಿಲ್ಕಿನಿಂದ ಖಜಾನೆಯ ಸೋರಿಕೆ ತಿಳಿಯದು. ಎರಡು ದಿನಗಳ ಶಿಲ್ಕನ್ನು ಹೋಲಿಸಬೇಕು. ಇಲ್ಲಿಯೂ ಹಾಗೆಯೇ: ಒಂದೇ ಸಾಲಿನಲ್ಲಿ ಕಾಲಕಾಲಕ್ಕೆ ಅಳೆದಾಗ ಬದಲಾವಣೆಯೇ ಸೋರಿಕೆಯ ಸುಳಿವನ್ನು ಕೊಡುತ್ತದೆ.

ಎಲ್ಲಿ ಕೊರೆಯಬೇಕೆಂಬುದನ್ನು ಚಿತ್ರ ಹೇಳೀತು. ಆ ನೀರನ್ನು ನಮ್ಮ ಮಕ್ಕಳು ಕುಡಿಯಬಹುದೇ ಎಂಬುದನ್ನು ಮಾತ್ರ ಪ್ರಯೋಗಶಾಲೆಯೇ ಹೇಳಬೇಕು.