ಗ್ಯಾಸ್ ಗೀಸರ್ ರಿಪೇರಿ: ಯಾವುದು ನಮ್ಮ ಕೆಲಸ, ಯಾವುದು ಮೆಕ್ಯಾನಿಕ್ ಕೆಲಸ?

"ಗೀಸರ್ ಅಂದರೆ ಗ್ಯಾಸ್ ಒಲೆ ಇದ್ದ ಹಾಗೆ. ಸ್ಕ್ರೂ ಬಿಚ್ಚಿ, ಬರ್ನರ್ ಉಜ್ಜಿ, ಮತ್ತೆ ಜೋಡಿಸಿ, ದುಡ್ಡು ಉಳಿಸಿ." ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕಳಸ, ಮೂಡಿಗೆರೆ ಕಡೆಯ ತೋಟದ ಮನೆಯವರಿಗೆ ಈ ಮಾತು ಹಿತವಾಗಿಯೇ ಕೇಳಿಸುತ್ತದೆ. ಜಡಿಮಳೆಯಲ್ಲಿ ಗೀಸರ್ ಕೈಕೊಟ್ಟರೆ ಪೇಟೆಯಿಂದ ಮೆಕ್ಯಾನಿಕ್ ಬರುವವರೆಗೆ ಕಾಯಬೇಕಲ್ಲ! ಹಾಗಾದರೆ ನಾವೇ ರಿಪೇರಿ ಮಾಡಬಹುದೇ? ಕೆಲವು ಕೆಲಸ ಮಾಡಬಹುದು, ಕೆಲವನ್ನು ಮುಟ್ಟಲೇಬಾರದು. ಏಕೆಂದು ನೋಡೋಣ.

ಒಲೆಗೂ ಗೀಸರ್‌ಗೂ ಏನು ವ್ಯತ್ಯಾಸ?

ಒಂದು ಪಾಲು ಎಲ್‌ಪಿಜಿ ಆವಿ ಪೂರ್ತಿ ಉರಿಯಲು ಸುಮಾರು 24ರಿಂದ 31 ಪಾಲು ಗಾಳಿ ಬೇಕು. ಗೀಸರ್ ಒಲೆಗಿಂತ ಹಲವು ಪಟ್ಟು ವೇಗವಾಗಿ ಗ್ಯಾಸ್ ಸುಡುತ್ತದೆ. ಗಂಟೆಗೆ ಮುಕ್ಕಾಲು ಕೆ.ಜಿ. ಗ್ಯಾಸ್ ಸುಡುವ ಗೀಸರ್‌ಗೆ ಹತ್ತೇ ನಿಮಿಷದಲ್ಲಿ ಸುಮಾರು 1500 ಲೀಟರ್ ಗಾಳಿ ಬೇಕಾಗುತ್ತದೆ. ಚಿಕ್ಕ ಬಚ್ಚಲುಮನೆಯ ಬಾಗಿಲು ಹಾಕಿ, ಎರಚಲು ಬರುತ್ತದೆಂದು ವೆಂಟಿಲೇಟರ್‌ಗೂ ಪ್ಲಾಸ್ಟಿಕ್ ಶೀಟ್ ಕಟ್ಟಿದರೆ ಅಷ್ಟು ಗಾಳಿ ಎಲ್ಲಿಂದ ಬರಬೇಕು? ಗಾಳಿ ಸಾಲದಿದ್ದಾಗ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ.

ವಾಸನೆ ಬಂದರೆ ಗೊತ್ತಾಗುತ್ತದಲ್ಲ?

ಇಲ್ಲ. ಸಿಲಿಂಡರ್ ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ, ಏಕೆಂದರೆ ಅದಕ್ಕೆ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹಂಡೆ ಒಲೆಯ ಹೊಗೆ ಕಣ್ಣು ಉರಿಸಿ ನಮ್ಮನ್ನು ಹೊರಗೆ ಓಡಿಸುತ್ತಿತ್ತು. ಗೀಸರ್ ಅಂಥ ಎಚ್ಚರಿಕೆ ಕೊಡುವುದಿಲ್ಲ. ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. 2025ರ ಅಕ್ಟೋಬರ್‌ನಲ್ಲಿ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಇಬ್ಬರು ಸಹೋದರಿಯರು ಗ್ಯಾಸ್ ಗೀಸರ್‌ನ ಅನಿಲದಿಂದ ಮೃತಪಟ್ಟರೆಂದು ವರದಿಯಾಗಿತ್ತು.

ನಾವೇ ಮಾಡಬಹುದಾದದ್ದು

• ಕಿಡಿ ಹತ್ತದಿದ್ದರೆ ಮೊದಲು ಸೆಲ್ ಬದಲಿಸಿ.
• ರೆಗ್ಯುಲೇಟರ್ ಮತ್ತು ನಲ್ಲಿ ಎರಡನ್ನೂ ಮುಚ್ಚಿ, ತಣ್ಣೀರು ಒಳಹೋಗುವಲ್ಲಿರುವ ಜಾಲರಿ ತೊಳೆಯಿರಿ. ಅಬ್ಬಿ ನೀರಿನ ಮರಳು, ಎಲೆಚೂರು ಅಲ್ಲಿ ಕಟ್ಟಿಕೊಂಡರೆ ನೀರಿನ ಒತ್ತಡ ಕಡಿಮೆಯಾಗಿ ಗೀಸರ್ ಹತ್ತುವುದಿಲ್ಲ.
• ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ ಇದೆ ಎಂದರ್ಥ. ಬೆಂಕಿಕಡ್ಡಿ ಗೀರಿ ನೋಡಲೇಬೇಡಿ.
• ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ.
• ಉರಿಯ ಬಣ್ಣ ಗಮನಿಸಿ. ನೀಲಿ ಇರಬೇಕು. ಹಳದಿಯಾದರೆ, ಮಸಿ ಕಂಡರೆ ಕೂಡಲೇ ಬಳಕೆ ನಿಲ್ಲಿಸಿ.

ಮೆಕ್ಯಾನಿಕ್‌ಗೇ ಬಿಡಬೇಕಾದದ್ದು

ಬರ್ನರ್, ಜೆಟ್, ಗ್ಯಾಸ್ ವಾಲ್ವ್, ಒಳಗಿನ ಸೆನ್ಸರ್‌ಗಳನ್ನು ಮುಟ್ಟಬೇಡಿ. ಜೇಡರ ಬಲೆ, ಹುಳುಗಳ ಗೂಡು ಬರ್ನರ್‌ನ ಗಾಳಿಯ ದಾರಿಯನ್ನು ಮುಚ್ಚುವುದು ನಿಜ. ಆದರೆ ಸೂಜಿ ಹಾಕಿ ಜೆಟ್‌ನ ತೂತು ದೊಡ್ಡದಾದರೆ ಗ್ಯಾಸ್ ಹೆಚ್ಚು ನುಗ್ಗುತ್ತದೆ, ಗಾಳಿ ಸಾಲುವುದಿಲ್ಲ. ಗೀಸರ್ ಉರಿಯುತ್ತದೆ, ನೀರೂ ಕಾಯುತ್ತದೆ, ಜೊತೆಗೆ ವಿಷವೂ ಹೊರಬರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲೇ ಕಂಪನಿಯ ಸರ್ವಿಸ್‌ನವರನ್ನು ಕರೆಸಿ. ಹೊರಡುವ ಮುನ್ನ ಉರಿ ತೋರಿಸಿ, ಸೋಪಿನ ಪರೀಕ್ಷೆ ಮಾಡಿ ಎಂದು ಕೇಳಿ. ಅವರು ಬರುವವರೆಗೆ ಹಂಡೆ ಒಲೆ ಇದ್ದೇ ಇದೆ!

ಆದರೆ ಎಂಥ ಮೆಕ್ಯಾನಿಕ್ ಸರ್ವಿಸ್ ಮಾಡಿದರೂ, ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಗೀಸರ್ ಸುರಕ್ಷಿತವಲ್ಲ. ಅದನ್ನು ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಈಗಾಗಲೇ ಒಳಗಿದ್ದರೆ ಹೊರಗೆ ಹಾಕಿಸುವವರೆಗೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಕೋಣೆಯಲ್ಲಿ ಗಾಳಿಯಾಡಿದ ಮೇಲೆ ಸ್ನಾನ ಮಾಡಿ.

ಅಪಾಯ ಎದುರಾದರೆ?

ಸ್ನಾನದ ವೇಳೆ ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ನಿಶ್ಶಕ್ತಿ ಕಂಡರೆ ತಕ್ಷಣ ಹೊರಬನ್ನಿ. ಒಳಗಿನವರು ಕರೆದರೂ ಓಗೊಡದಿದ್ದರೆ ಬಾಗಿಲು ಒಡೆದು ಬಯಲಿಗೆ ತನ್ನಿ, 108ಕ್ಕೆ ಕರೆ ಮಾಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು ಹೊರಬಂದು 1906ಕ್ಕೆ ತಿಳಿಸಿ.

ಮುಂದಿನ ಸಲ ಬರ್ನರ್ ಬಿಚ್ಚುವ ವಿಡಿಯೋ ಗುಂಪಿಗೆ ಬಂದರೆ, ಅದರ ಕೆಳಗೆ ಇದನ್ನು ಹಾಕಿ. ಅದಕ್ಕೂ ಮೊದಲು ನಿಮ್ಮ ಬಚ್ಚಲಿನ ವೆಂಟಿಲೇಟರ್ ತೆರೆದಿದೆಯೇ, ಒಮ್ಮೆ ನೋಡಿ ಬನ್ನಿ.