ದ್ರಾಕ್ಷಿ ಶೆಡ್ಡಿನಿಂದ ಐದನೆಯ ತರಗತಿಗೆ: ಎಂಜಿನಿಯರಿಂಗ್ ಸಂಶೋಧನೆ ಮತ್ತು ಶಿಕ್ಷಕರ ತರಬೇತಿ

ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನಲ್ಲಿ, ಐಗಳಿ ಮತ್ತು ತೆಲಸಂಗದ ಸುತ್ತಲಿನ ಕಡಿಮೆ ಮಳೆಯ ನೆಲದಲ್ಲಿ ದ್ರಾಕ್ಷಿ ಬೆಳೆ ನೆಲೆಯೂರಿದ್ದು, ಬೇಸಿಗೆಯ ಹೊಸ್ತಿಲಲ್ಲಿ ಕೊಯ್ದ ಹಣ್ಣಿನ ಒಂದು ಪಾಲು ತೋಟದ ಬದಿಯ ಶೆಡ್ಡುಗಳಲ್ಲೇ ಒಣದ್ರಾಕ್ಷಿಯಾಗುತ್ತದೆ. ಮೇಲೆ ಬಿಸಿಲು ತಡೆಯುವ ಹೊದಿಕೆ, ಪಕ್ಕಗಳಲ್ಲಿ ಗಾಳಿಗೆ ದಾರಿ, ಒಳಗೆ ಒಂದರ ಮೇಲೊಂದು ಬಿಗಿದ ಬಲೆಯ ಅಂತಸ್ತುಗಳು: ಇಷ್ಟು ಸರಳವಾಗಿ ಕಾಣುವ ಈ ರಚನೆಯ ಹಿಂದೆ ದೀರ್ಘಕಾಲದ ಎಂಜಿನಿಯರಿಂಗ್ ಚಿಂತನೆ ಇದೆ. ಆ ಚಿಂತನೆಯನ್ನು ಅದೇ ಊರಿನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ತಲುಪಿಸಬಲ್ಲವರು ಶಿಕ್ಷಕರು. ಆದರೆ ಅದಕ್ಕೆ ಮೊದಲು ಆ ಚಿಂತನೆಯ ಹಾದಿಯಲ್ಲಿ ಅವರೇ ಒಮ್ಮೆ ನಡೆದಿರಬೇಕು.

ವಿಜ್ಞಾನವು ಇರುವ ಜಗತ್ತು ಏಕೆ ಹೀಗಿದೆ ಎಂದು ಕೇಳಿದರೆ, ಎಂಜಿನಿಯರಿಂಗ್ ಒಂದು ಅಗತ್ಯವನ್ನು ಇರುವ ಸಾಮಗ್ರಿ, ಹಣ ಮತ್ತು ಸಮಯದೊಳಗೆ ಹೇಗೆ ಪೂರೈಸಬೇಕು ಎಂದು ಕೇಳುತ್ತದೆ. ಪರಿಹಾರವು ಏನನ್ನು ಸಾಧಿಸಬೇಕು ಎಂಬುದಕ್ಕೆ ಮಾನದಂಡವೆಂದೂ, ಯಾವ ಎಲ್ಲೆಯನ್ನು ಮೀರಬಾರದು ಎಂಬುದಕ್ಕೆ ಇತಿಮಿತಿಯೆಂದೂ ಹೆಸರು. ದ್ರಾಕ್ಷಿ ಬೇಗ ಒಣಗಬೇಕು, ಬಣ್ಣ ಕೆಡಬಾರದು, ಧೂಳು ತಾಗಬಾರದು ಎಂಬುವು ಮಾನದಂಡಗಳಾದರೆ, ಕೊಯ್ಲಿನ ಕೆಲವೇ ವಾರಗಳು, ಅಕಾಲಿಕ ಮಳೆಯ ಭಯ, ರೈತನ ಕೈಯಲ್ಲಿರುವ ಬಂಡವಾಳ ಇವು ಇತಿಮಿತಿಗಳು.

ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದ ತೆಳುವಾದ ಪದರವಿದ್ದು, ಅದು ಒಳಗಿನ ನೀರನ್ನು ಹೊರಹೋಗದಂತೆ ಹಿಡಿದಿಡುತ್ತದೆ. ಆದ್ದರಿಂದ ಗೊನೆಗಳನ್ನು ಶೆಡ್ಡಿಗೆ ಏರಿಸುವ ಮೊದಲು, ಲೀಟರ್ ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು 15 ಮಿಲಿಲೀಟರ್ ಈಥೈಲ್ ಓಲಿಯೇಟ್ ಬೆರೆಸಿದ ದ್ರಾವಣದಲ್ಲಿ ಅದ್ದುತ್ತಾರೆ. ಬೆಳೆಗಾರರು ಡಿಪ್ಪಿಂಗ್ ಆಯಿಲ್ ಎನ್ನುವುದು ಈ ಎರಡನೆಯ ವಸ್ತುವಿಗೆ. ಇದು ಮೇಣದ ಪದರದ ರಚನೆಯನ್ನು ಸಡಿಲಿಸಿ, ಸಿಪ್ಪೆ ಹರಿಯದಂತೆಯೇ ನೀರಿನ ಹಾದಿಯನ್ನು ಸುಗಮಗೊಳಿಸುತ್ತದೆ. ಮೆಡಿಟರೇನಿಯನ್ ಕಡಲ ಸುತ್ತಲಿನ ರೈತರು ಪ್ರಾಚೀನ ಕಾಲದಿಂದ ಬೂದಿನೀರು ಮತ್ತು ಆಲಿವ್ ಎಣ್ಣೆಯಿಂದ ಮಾಡುತ್ತಿದ್ದ ಕೆಲಸವನ್ನು ಆಸ್ಟ್ರೇಲಿಯದ ಸಂಶೋಧಕರು ಒರೆಗೆ ಹಚ್ಚಿ ಈ ರೂಪಕ್ಕೆ ತಂದರು. ನೇರ ಬಿಸಿಲಿನಲ್ಲಿ ಹಣ್ಣು ಕಂದುಬಣ್ಣಕ್ಕೆ ತಿರುಗುವುದರಿಂದ ನೆರಳು ಬೇಕು, ಹಣ್ಣಿನ ಸುತ್ತ ತೇವದ ಗಾಳಿ ನಿಂತರೆ ಒಣಗುವಿಕೆ ಕುಂಠಿತವಾಗುವುದರಿಂದ ಗಾಳಿಯ ಓಡಾಟ ಬೇಕು. ಶೆಡ್ಡಿನ ಒಂದೊಂದು ಅಂಗವೂ ಹೀಗೆ ಒಂದೊಂದು ಕಾರಣದಿಂದ ಹುಟ್ಟಿದೆ.

ಈ ವಿಷಯ ಐದನೆಯ ತರಗತಿಗೆ ಭಾರವಲ್ಲ. ರಾಸಾಯನಿಕಗಳನ್ನು ಮಕ್ಕಳ ಕೈಗೆ ಕೊಡಬೇಕಾಗಿಲ್ಲ. ಸಮತೂಕದ ದ್ರಾಕ್ಷಿಯನ್ನು ಮೂರು ಪಾಲು ಮಾಡಿ, ಒಂದನ್ನು ತಟ್ಟೆಯಲ್ಲಿ, ಇನ್ನೊಂದನ್ನು ಬಲೆಯ ಮೇಲೆ, ಮತ್ತೊಂದನ್ನು ಶಿಕ್ಷಕರೇ ಬಿಸಿನೀರಿನಲ್ಲಿ ಅದ್ದಿ ತೆಗೆದ ನಂತರ ಬಲೆಯ ಮೇಲೆ ಒಂದೇ ನೆರಳಿನಲ್ಲಿಟ್ಟು, ದಿನವೂ ತೂಗಿ ಬರೆದುಕೊಂಡರೆ ಸಾಕು. ಎರಡು ಪಾಲುಗಳನ್ನು ಹೋಲಿಸುವಾಗ ಒಂದು ಅಂಶ ಮಾತ್ರ ಬೇರೆಯಾಗಿದ್ದು ಉಳಿದುವೆಲ್ಲ ಸಮವಾಗಿರಬೇಕು. ನಿಯಂತ್ರಿತ ಪ್ರಯೋಗ ಎಂದರೆ ಇದೇ. ಜೊತೆಗೆ ಲೆಕ್ಕವೂ ಬರುತ್ತದೆ: 100 ಕಿಲೋ ಹಣ್ಣಿನಲ್ಲಿ 80 ಕಿಲೋ ನೀರಿದ್ದು, ಒಣದ್ರಾಕ್ಷಿಯಲ್ಲಿ ಶೇ 15ರಷ್ಟು ನೀರು ಉಳಿಯಬೇಕಾದರೆ, ಕೊನೆಗೆ ದೊರೆಯುವುದು ಸುಮಾರು 23.5 ಕಿಲೋ. ಮುಂದಿನ ವಾರ ಕಡ್ಡಿ, ದಾರ, ರಟ್ಟು ಮತ್ತು ಸೊಳ್ಳೆಪರದೆಯ ತುಂಡು ಕೊಟ್ಟು ಪುಟ್ಟ ಶೆಡ್ಡು ಕಟ್ಟಿಸಿದರೆ, ಅಳತೆಯಿಂದ ವಿನ್ಯಾಸದ ಕಡೆಗೆ ಪಾಠ ಸಾಗುತ್ತದೆ.

ಇಂಥ ಪಾಠ ನಡೆಸುವುದು ಕಷ್ಟವಾಗುವುದು ಸಾಮಗ್ರಿಯ ಕೊರತೆಯಿಂದಲ್ಲ, ಉತ್ತರ ಮೊದಲೇ ಗೊತ್ತಿಲ್ಲದ ಪ್ರಶ್ನೆಯನ್ನು ತರಗತಿಯಲ್ಲಿ ಎದುರಿಸುವ ಅಭ್ಯಾಸ ಶಿಕ್ಷಕರಿಗೆ ದೊರೆಯದಿರುವುದರಿಂದ. ಅಮೆರಿಕದ ಬಾಸ್ಟನ್ ನಗರದ ವಿಜ್ಞಾನ ಸಂಗ್ರಹಾಲಯವು 2003ರಲ್ಲಿ ಪ್ರಾಥಮಿಕ ಶಾಲೆಗಳಿಗಾಗಿ ಆರಂಭಿಸಿದ ಎಂಜಿನಿಯರಿಂಗ್ ಪಠ್ಯಕ್ರಮವು ಕೇಳು, ಊಹಿಸು, ಯೋಜಿಸು, ಮಾಡು, ಸುಧಾರಿಸು ಎಂಬ ಐದು ಹೆಜ್ಜೆಗಳನ್ನು ಹೇಳುತ್ತದೆ. ಆ ದೇಶದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನ ಯೋಜನೆಯಲ್ಲಂತೂ ಶಾಲಾ ಶಿಕ್ಷಕರು ಬೇಸಿಗೆಯ ಕೆಲವು ವಾರ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸಂಶೋಧಕರೊಡನೆ ದುಡಿದು, ಆ ಅನುಭವವನ್ನು ಪಾಠವಾಗಿ ರೂಪಿಸಿಕೊಂಡು ಶಾಲೆಗೆ ಮರಳುತ್ತಾರೆ.

ಕರ್ನಾಟಕಕ್ಕೆ ಈ ದಾರಿ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಸೌದೆ ಉಳಿಸುವ ಅಸ್ತ್ರ ಒಲೆಯನ್ನು ರೂಪಿಸಿದಾಗ, ಅದು ಹಳ್ಳಿಯ ಅಡುಗೆಮನೆ ಸೇರಿದ್ದು ಅದನ್ನು ಕಟ್ಟಲು ಕಲಿತವರ ಕೈಗಳ ಮೂಲಕ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಬೇರೂರಿದ್ದು, ಶಿಕ್ಷಕರು ರಿಷಿ ವ್ಯಾಲಿಯ ಶಾಲೆಗಳನ್ನು ಕಂಡುಬಂದು, ಕಲಿಕಾ ಕಾರ್ಡುಗಳನ್ನು ತಮ್ಮ ಮಕ್ಕಳಿಗೆ ಹೊಂದುವಂತೆ ತಾವೇ ರಚಿಸಿಕೊಂಡದ್ದರಿಂದ. ವಿಜ್ಞಾನ ಸಂಸ್ಥೆಯ ಚಳ್ಳಕೆರೆ ಆವರಣದ ಪ್ರತಿಭಾ ಅಭಿವೃದ್ಧಿ ಕೇಂದ್ರವು ಇಂದು ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ಶಿಕ್ಷಕರಿಗೆ ಪ್ರಯೋಗ ಪ್ರಧಾನವಾದ ತರಬೇತಿ ನೀಡುತ್ತಿದೆ. ಈ ಬಾಗಿಲು ಪ್ರಾಥಮಿಕ ಶಿಕ್ಷಕರಿಗೂ ತೆರೆಯಬೇಕು, ಏಕೆಂದರೆ ‘ಏಕೆ’ ಎಂದು ಕೇಳುವ ಧೈರ್ಯ ಮಕ್ಕಳಲ್ಲಿ ಉಳಿಯುವುದೋ ಅಳಿಯುವುದೋ ನಿರ್ಧಾರವಾಗುವುದು ಆ ವಯಸ್ಸಿನಲ್ಲಿ.

ಅಥಣಿಯೂ ಸೇರಿದ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲೂ ಅದರ ಆಸುಪಾಸಿನಲ್ಲೂ ಇದಕ್ಕೆ ಬೇಕಾದ ಚೌಕಟ್ಟು ಈಗಾಗಲೇ ಇದೆ: ಶಿಕ್ಷಕರ ತರಬೇತಿಗಾಗಿ ಡಯಟ್, ಊರೂರಿನ ಶಿಕ್ಷಕರು ಕೂಡುವ ಸಮೂಹ ಸಂಪನ್ಮೂಲ ಕೇಂದ್ರಗಳ ಸಮಾಲೋಚನಾ ಸಭೆಗಳು, ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ. ಸಂಶೋಧಕರು, ಶಿಕ್ಷಕರು ಮತ್ತು ಬೆಳೆಗಾರರು ಒಂದೇ ಶೆಡ್ಡಿನಲ್ಲಿ ಎರಡು ದಿನ ಕುಳಿತು ತೂಗಿ, ತಪ್ಪಿ, ತಿದ್ದಿ, ಮುಂದಿನ ಸಭೆಗೆ ತಮ್ಮ ತರಗತಿಯ ಅಳತೆಪಟ್ಟಿಯನ್ನು ತಂದರೆ ತರಬೇತಿಯು ಉಪನ್ಯಾಸವಾಗಿ ಮುಗಿಯದೆ ಅಭ್ಯಾಸವಾಗಿ ಮುಂದುವರಿಯುತ್ತದೆ.

ಶೆಡ್ಡಿನ ಎಲ್ಲ ಅಂತಸ್ತುಗಳಲ್ಲೂ ಹಣ್ಣು ಒಂದೇ ವೇಗದಲ್ಲಿ ಒಣಗುವುದಿಲ್ಲ. ಗಾಳಿಯ ವೇಗ, ಉಷ್ಣತೆ ಮತ್ತು ತೇವ ಅಂತಸ್ತಿನಿಂದ ಅಂತಸ್ತಿಗೆ ಬದಲಾಗುವುದರಿಂದ, ಈ ಏರುಪೇರನ್ನು ತಗ್ಗಿಸುವುದು ಒಣಗಿಸುವ ತಂತ್ರಜ್ಞಾನದ ಸಂಶೋಧಕರಿಗೆ ನಿಜವಾದ ಪ್ರಶ್ನೆ. ಐಗಳಿಯ ಮಗುವೊಂದು ತನ್ನ ರಟ್ಟಿನ ಶೆಡ್ಡಿನ ಮೇಲಿನ ಬಲೆಯನ್ನೂ ಕೆಳಗಿನ ಬಲೆಯನ್ನೂ ತೂಗಿ, ವ್ಯತ್ಯಾಸವೇಕೆ ಎಂದು ಕೇಳಿದಾಗ ಅದು ಕೇಳುವುದೂ ಇದೇ ಪ್ರಶ್ನೆಯನ್ನು. ಆಗ ಶಿಕ್ಷಕರು ಉತ್ತರ ಒಪ್ಪಿಸದೆ, ಬಲೆಗಳನ್ನು ಅದಲುಬದಲು ಮಾಡಿ ನಾಳೆ ಮತ್ತೆ ತೂಗೋಣ ಎಂದರೆ, ಸಂಶೋಧನೆ ಆ ತರಗತಿಯನ್ನು ತಲುಪಿದೆ ಎಂದೇ ಅರ್ಥ.