ನಿಂತ ಷಡ್ಜ, ನಡೆದ ಸ್ವರಗಳು

ಹಾರ್ಮೋನಿಯಂ ಪೆಟ್ಟಿಗೆಯ ಕಪ್ಪು ಮನೆಗಳನ್ನು ಮುಟ್ಟದೆ ಬಿಳಿಯ ಮನೆಗಳನ್ನು ಮಾತ್ರ ಒಂದಾದಮೇಲೊಂದರಂತೆ ಒತ್ತುತ್ತ ಹೋದರೆ, ಬಿಳಿ ಒಂದನ್ನು ಷಡ್ಜವೆಂದು ಹಿಡಿದವನಿಗೆ ಶಂಕರಾಭರಣದ ಸ್ವರಗಳು ಕೇಳಿಬರುವುವು; ಅವೇ ಮನೆಗಳನ್ನು, ಒಂದನ್ನೂ ಕೂಡಿಸದೆ ಒಂದನ್ನೂ ಕಳೆಯದೆ, ಬಿಳಿ ಎರಡರಿಂದ ಆರಂಭಿಸಿ ಅದನ್ನೇ ಷಡ್ಜವೆಂದು ಮನಸ್ಸಿನಲ್ಲಿ ನಿಲ್ಲಿಸಿಕೊಂಡವನಿಗೆ ಖರಹರಪ್ರಿಯವೂ, ಮೂರರಿಂದ ಹೊರಟವನಿಗೆ ತೋಡಿಯೂ, ನಾಲ್ಕರಿಂದ ಕಲ್ಯಾಣಿಯೂ, ಐದರಿಂದ ಹರಿಕಾಂಭೋಜಿಯೂ, ಆರರಿಂದ ನಠಭೈರವಿಯೂ ದೊರೆಯುವುವು. ಏಳನೆಯದೊಂದು ಮಾತ್ರ ಒಪ್ಪುವುದಿಲ್ಲ; ಅಲ್ಲಿಂದ ಹೊರಟರೆ ಪಂಚಮವು ಸಿಕ್ಕದೆ ಅದರ ಬದಲಿಗೆ ಎರಡು ಮಧ್ಯಮಗಳು ಎದುರಾಗುವುವು. ಸಂಗೀತಗಾರರು ಗ್ರಹಭೇದವೆಂದು ಕರೆಯುವ ಈ ವ್ಯಾಪಾರವು ಬಲ್ಲವರಿಗೆ ಹಳೆಯ ಸಂಗತಿ. ಆದರೂ ಪ್ರತಿಯೊಂದು ಸಲ ಕೇಳುವಾಗಲೂ ಕಿವಿಗೆ ಸೋಜಿಗವನ್ನುಂಟುಮಾಡುವ ಶಕ್ತಿ ಅದಕ್ಕುಂಟು.

ಈ ಕ್ರಮದಿಂದ ಶಂಕರಾಭರಣದೊಡನೆ ನಮ್ಮ ಕೈಗೆ ಬರುವುದು ಆರು ಮೇಳಗಳು. ಕರ್ನಾಟಕ ಸಂಗೀತಶಾಸ್ತ್ರವಾದರೋ ಏಳು ಸ್ವರಗಳ ಮೇಳಗಳನ್ನು 72 ಎಂದು ಗಣಿಸಿ, ಅವುಗಳನ್ನು ಹನ್ನೆರಡು ಚಕ್ರಗಳಲ್ಲಿ ಆರಾರರಂತೆ ಹಂಚಿ, ಒಂದೊಂದಕ್ಕೂ ಹೆಸರಿಟ್ಟು ಕೂರಿಸಿದೆ. ಒಂದೇ ಸ್ವರಸಮೂಹವನ್ನು ತಿರುಗಿಸಿ ನೋಡುವ ಪ್ರಾಚೀನ ಮಾರ್ಗವನ್ನು ಬಿಟ್ಟು, ಷಡ್ಜವನ್ನು ಒಂದೆಡೆ ನಿಲ್ಲಿಸಿ ಉಳಿದ ಸ್ವರಗಳನ್ನು ಸ್ಥಾನಪಲ್ಲಟ ಮಾಡುವ ಈ ನೂತನ ಮಾರ್ಗಕ್ಕೆ ನಮ್ಮ ಸಂಗೀತವು ಹೇಗೆ ಬಂದಿತೆಂಬ ವೃತ್ತಾಂತದಲ್ಲಿ ಬಹುಮುಖ್ಯವಾದ ತಿರುವು ತುಂಗಭದ್ರೆಯ ದಡದಲ್ಲಿ ಆಯಿತು. ಅದನ್ನು ಮಾಡಿಸಿದುದು ಲೆಕ್ಕಾಚಾರಕ್ಕಿಂತ ಮೊದಲು ವೀಣೆಯ ಮೆಟ್ಟಿಲುಗಳು ಎಂಬುದೇ ಈ ಲೇಖಕನ ಅಭಿಪ್ರಾಯ.

ಭರತಮುನಿಯ ಹೆಸರಿನಲ್ಲಿ ನಮಗೆ ಬಂದಿರುವ ನಾಟ್ಯಶಾಸ್ತ್ರದಲ್ಲಿ ಮೇಳವೆಂಬ ಮಾತಿಲ್ಲ. ಅಲ್ಲಿರುವುದು ಗ್ರಾಮ ಮತ್ತು ಮೂರ್ಛನೆ. ಒಂದು ಸ್ಥಾಯಿಯನ್ನು 22 ಶ್ರುತಿಗಳೆಂದು ಎಣಿಸಿ, ಷಡ್ಜಕ್ಕೆ ನಾಲ್ಕು, ಋಷಭಕ್ಕೆ ಮೂರು, ಗಾಂಧಾರಕ್ಕೆ ಎರಡು, ಮಧ್ಯಮ ಪಂಚಮಗಳಿಗೆ ನಾಲ್ಕು ನಾಲ್ಕು, ಧೈವತಕ್ಕೆ ಮೂರು, ನಿಷಾದಕ್ಕೆ ಎರಡು ಎಂದು ವಿಭಾಗಿಸಿದರೆ ಷಡ್ಜಗ್ರಾಮ. ಅದರಲ್ಲಿ ಪಂಚಮವೊಂದನ್ನು ಒಂದು ಶ್ರುತಿಯಷ್ಟು ಇಳಿಸಿದರೆ ಮಧ್ಯಮಗ್ರಾಮ. ಗಾಂಧಾರಗ್ರಾಮವೆಂಬ ಮೂರನೆಯದೊಂದು ದೇವಲೋಕಕ್ಕೆ ಹೋಯಿತೆಂದು ಹಿಂದಿನವರು ಹೇಳಿ ಮುಗಿಸಿದರು. ಒಂದೊಂದು ಗ್ರಾಮದ ಏಳು ಸ್ವರಗಳನ್ನು ಏಳು ಕಡೆಗಳಿಂದ ಆರಂಭಿಸಿದರೆ ಏಳು ಮೂರ್ಛನೆಗಳು. ಏಳು ಬಾಗಿಲುಗಳುಳ್ಳ ತೊಟ್ಟಿಯ ಮನೆಯನ್ನು ಯಾವ ಬಾಗಿಲಿನಿಂದ ಹೊಕ್ಕರೂ ಮನೆ ಅದೇ, ಆದರೆ ಮೊದಲು ಕಣ್ಣಿಗೆ ಬೀಳುವ ಕಂಬ ಬೇರೆ, ಬೆಳಕು ಬೀಳುವ ಬಗೆ ಬೇರೆ. ಷಡ್ಜಗ್ರಾಮದಲ್ಲಿ ಷಡ್ಜದಿಂದ ಹೊರಟುದಕ್ಕೆ ಉತ್ತರಮಂದ್ರಾ ಎಂದು ಹೆಸರು, ಅದರ ಚಹರೆ ನಮ್ಮ ಇಂದಿನ ಖರಹರಪ್ರಿಯಕ್ಕೆ ಸಮೀಪವಾದುದು. ನಿಷಾದದಿಂದ ಹೊರಟ ರಜನಿಯು ಶಂಕರಾಭರಣಕ್ಕೆ ಸಮೀಪವಾದುದು.

ಇದು ಆ ಕಾಲದ ವಾದ್ಯಕ್ಕೆ ಸಹಜವಾದ ವ್ಯವಸ್ಥೆಯಾಗಿತ್ತೆಂಬುದನ್ನು ಮರೆಯಬಾರದು. ಸಮುದ್ರಗುಪ್ತನ ಚಿನ್ನದ ನಾಣ್ಯವೊಂದರಲ್ಲಿ ಅರಸನು ತೊಡೆಯ ಮೇಲಿರಿಸಿಕೊಂಡು ನುಡಿಸುತ್ತಿರುವ ವೀಣೆಗೆ ದಂಡಿಯೂ ಇಲ್ಲ, ಮೆಟ್ಟಿಲುಗಳೂ ಇಲ್ಲ. ಬಾಗಿದ ತೋಳೊಂದರಿಂದ ಒಡಲಿನವರೆಗೆ ಬಿಗಿದ ತೆರೆದ ತಂತಿಗಳು, ಒಂದೊಂದು ಸ್ವರಕ್ಕೆ ಒಂದೊಂದು. ಏಳು ತಂತಿಗಳ ಚಿತ್ರಾವೀಣೆಯನ್ನು ಭರತನು ಹೇಳುತ್ತಾನೆ. ಇಂತಹ ವಾದ್ಯದಲ್ಲಿ ಎಲ್ಲ ತಂತಿಗಳೂ ಸಮಾನ ಪ್ರಜೆಗಳು. ಯಾವ ತಂತಿಯನ್ನು ಮೊದಲು ಮೀಟಿದರೆ ಅದೇ ಆ ಹೊತ್ತಿನ ಒಡೆಯ. ಎಡೆಬಿಡದೆ ಷಡ್ಜವನ್ನು ನುಡಿಯುತ್ತ ‘ನಿನ್ನ ನೆಲೆ ಇಲ್ಲಿ’ ಎಂದು ಗಾಯಕನಿಗೆ ನೆನಪು ಕೊಡುವ ತಂಬೂರಿಯ ಆಳ್ವಿಕೆ ಆಗಿನ್ನೂ ಬಂದಿರಲಿಲ್ಲ.

ಆ ಆಳ್ವಿಕೆ ಒಂದು ದಿನದಲ್ಲಿ ಬಂದುದಲ್ಲ. ಮತಂಗನ ಬೃಹದ್ದೇಶಿ ರಾಗಗಳ ಮಾತನ್ನು ಆಡಿದ ಮೇಲೆ, ದಂಡಿಗೆ ಸೋರೆಬುರುಡೆಗಳನ್ನು ಕಟ್ಟಿ ಮೆಟ್ಟಿಲುಗಳನ್ನು ಕೂರಿಸಿದ ಕಿನ್ನರಿಯಂತಹ ವೀಣೆಗಳು ಹರಡಿದ ಮೇಲೆ, ಹಳೆಯ ತೆರೆದ ತಂತಿಯ ವೀಣೆ ಮೆಲ್ಲಮೆಲ್ಲನೆ ಹಿಂದೆ ಸರಿಯಿತು. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿ ಶಾರ್ಙ್ಗದೇವನು ರಚಿಸಿದ ಸಂಗೀತರತ್ನಾಕರವು ಗ್ರಾಮ ಮೂರ್ಛನೆಗಳನ್ನು ಇನ್ನೂ ಪೂರ್ಣ ಗೌರವದಿಂದ ವಿವರಿಸುತ್ತದೆ. ಆದರೆ ಎರಡು ಶತಮಾನಗಳ ಅನಂತರ ವಿಜಯನಗರದಲ್ಲಿ ಅದಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥನಿಗೆ, ಶಾಸ್ತ್ರದಲ್ಲಿ ಬರೆದಿರುವುದೂ ತನ್ನ ಸುತ್ತ ಹಾಡುತ್ತಿರುವುದೂ ಬೇರೆಬೇರೆಯಾಗಿರುವುದನ್ನು ಅಲ್ಲಲ್ಲಿ ಒಪ್ಪಿಕೊಳ್ಳಬೇಕಾಗಿ ಬಂದಿತು. ಮೂಲವನ್ನು ಪೂಜಿಸುತ್ತಲೇ ಕಿವಿಗೆ ಕೇಳಿದುದನ್ನು ಮರೆಮಾಡದ ಆ ವ್ಯಾಖ್ಯಾನಕಾರನ ಪ್ರಾಮಾಣಿಕತೆಯನ್ನು ನಾವು ಎಷ್ಟು ಕೊಂಡಾಡಿದರೂ ಸಾಲದು.

1550ರಲ್ಲಿ, ಅಳಿಯ ರಾಮರಾಯನ ಆಜ್ಞೆಯಂತೆ, ರಾಮಾಮಾತ್ಯನು ಸ್ವರಮೇಳಕಲಾನಿಧಿಯೆಂಬ ಚಿಕ್ಕ ಗ್ರಂಥವೊಂದನ್ನು ಬರೆದನು. ಗ್ರಂಥ ಚಿಕ್ಕದು, ಅದರ ಕೆಲಸ ದೊಡ್ಡದು. ಹಿಂದಿನವರು ಹೇಳಿದ ಹನ್ನೆರಡು ವಿಕೃತಸ್ವರಗಳಲ್ಲಿ ಕಿವಿಗೆ ನಿಜವಾಗಿ ಬೇರೆಯೆಂದು ತೋರುವವು ಏಳೇ ಎಂದು ನಿರ್ಧರಿಸಿ, ಶುದ್ಧಸ್ವರಗಳು ಏಳು ವಿಕೃತಸ್ವರಗಳು ಏಳು ಎಂದು ಕ್ರಮಪಡಿಸಿ, ಮೂರ್ಛನೆಗಳ ಪರಿಪಾಟಿಯನ್ನು ಬದಿಗಿಟ್ಟು, ಅವನು ರಾಗಗಳನ್ನು 20 ಮೇಳಗಳ ಕೆಳಗೆ ಹಂಚಿದನು. ಆದರೆ ಮೇಳಗಳ ಪಟ್ಟಿಗಿಂತ ಅವನ ವೀಣಾಪ್ರಕರಣವೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು. ಶುದ್ಧಮೇಳವೀಣೆ, ಮಧ್ಯಮೇಳವೀಣೆ, ಹಿಂದಿನ ಅರಸನಾದ ಅಚ್ಯುತರಾಯನ ಹೆಸರನ್ನು ಹೊತ್ತ ಅಚ್ಯುತರಾಜೇಂದ್ರಮೇಳವೀಣೆ ಎಂದು ಶ್ರುತಿಮಾಡುವ ಬಗೆಗಳನ್ನು ಬೇರ್ಪಡಿಸಿ, ಒಂದೊಂದು ರಾಗಕ್ಕೂ ಮೆಟ್ಟಿಲುಗಳನ್ನು ಕಿತ್ತು ಹೊಸದಾಗಿ ಕೂರಿಸಬೇಕಾದ ಏಕರಾಗಮೇಳವೀಣೆಗೂ, ಎಲ್ಲ ರಾಗಗಳಿಗೂ ಒಂದೇ ಸಲ ಮೆಟ್ಟಿಲುಗಳನ್ನು ಕೂರಿಸಿದ ಸರ್ವರಾಗಮೇಳವೀಣೆಗೂ ಇರುವ ಭೇದವನ್ನು ಅವನು ಬಿಡಿಸಿ ಹೇಳುತ್ತಾನೆ. ಒಂದು ತಂತಿಯ ಮೆಟ್ಟಿಲಿನಲ್ಲಿ ದೊರೆತ ಸ್ವರವನ್ನು ಇನ್ನೊಂದು ತಂತಿಯ ತೆರೆದ ನಾದದೊಡನೆ ಒಪ್ಪಿಸಿ ನೋಡಿ, ಆ ಸಂವಾದದಿಂದ ಮುಂದಿನ ಮೆಟ್ಟಿಲಿನ ಸ್ಥಾನವನ್ನು ಕಂಡುಹಿಡಿಯುವುದು ಅವನ ಕ್ರಮ.

ಈ ಕೆಲಸವನ್ನು ಇಂದಿಗೂ ಕಣ್ಣಾರೆ ಕಾಣಬಹುದು. ವೀಣೆಗೆ ಮೇಳ ಕಟ್ಟುವವರು ಜೇನುಮೇಣಕ್ಕೆ ಇದ್ದಿಲಿನ ಪುಡಿಯನ್ನು ಬೆರೆಸಿ, ದಂಡಿಯ ಎರಡು ಅಂಚುಗಳಲ್ಲಿ ಆ ಕಪ್ಪು ಮೇಣದ ದಿಂಡುಗಳನ್ನೇರಿಸಿ, ಅವುಗಳ ಮೇಲೆ 24 ಲೋಹದ ಮೆಟ್ಟಿಲುಗಳನ್ನು ಅಡ್ಡಲಾಗಿ ಇಡುತ್ತಾರೆ. ಸಾರಣಿಯ ತಂತಿಯನ್ನು ಒಂದೊಂದು ಮೆಟ್ಟಿಲಿನ ಮೇಲೆ ಒತ್ತಿ, ಪಕ್ಕದ ತಂತಿಗಳೊಡನೆ ಒಪ್ಪಿಸಿ, ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಕಿವಿ ಒಪ್ಪಿದ ಮೇಲೆ ಮೇಣವನ್ನು ಅದುಮುತ್ತಾರೆ. ಬಿಸಿಲಿಗೆ ಮೇಣ ಮೆತ್ತಗಾಗಿ ಮೆಟ್ಟಿಲು ಸರಿದರೆ ಮತ್ತೆ ಕಟ್ಟಿಸಬೇಕು. ಒಮ್ಮೆ ಹೀಗೆ ಸ್ಥಾಯಿಗೆ ಹನ್ನೆರಡು ಮೆಟ್ಟಿಲುಗಳು ನೆಲೆಗೊಂಡು, ಮೂರು ತಾಳದ ತಂತಿಗಳು ಷಡ್ಜಪಂಚಮಗಳನ್ನು ಬಿಡದೆ ನುಡಿಯತೊಡಗಿದವೆಂದರೆ, ವೈಣಿಕನ ಮುಂದಿರುವ ಪ್ರಶ್ನೆಯೇ ಬದಲಾಯಿತು. ‘ಯಾವ ಸ್ವರದಿಂದ ಹೊರಡಲಿ’ ಎಂದು ಅವನಿನ್ನು ಕೇಳುವಂತಿಲ್ಲ, ಹೊರಡುವ ಸ್ಥಳ ನಿಶ್ಚಿತ. ಅವನು ಕೇಳಬೇಕಾದುದು ‘ಈ ಹನ್ನೆರಡರಲ್ಲಿ ಯಾವ ಏಳನ್ನು ಆರಿಸಲಿ’ ಎಂದು. 72 ಮೇಳಗಳ ಬೀಜ ಇರುವುದು ಈ ಪ್ರಶ್ನೆಯಲ್ಲಿ.

ರಾಮಾಮಾತ್ಯನ ಗ್ರಂಥಕ್ಕೆ ಮೂರು ವರ್ಷ ಮೊದಲು, 1547ರಲ್ಲಿ, ಯೂರೋಪಿನ ಬಾಸೆಲ್ ನಗರದಲ್ಲಿ ಗ್ಲಾರಿಯಾನುಸ್ ಎಂಬ ಪಂಡಿತನು ದೋದೆಕಾಕಾರ್ಡನ್ ಎಂಬ ಗ್ರಂಥವನ್ನು ಅಚ್ಚುಮಾಡಿಸಿ, ಅಲ್ಲಿನ ದೇವಾಲಯಗಳಲ್ಲಿ ಶತಮಾನಗಳಿಂದ ನಡೆದುಬಂದಿದ್ದ ಎಂಟು ರೀತಿಗಳಿಗೆ ಇನ್ನೂ ನಾಲ್ಕನ್ನು ಸೇರಿಸಿ ಹನ್ನೆರಡೆಂದು ಸ್ಥಾಪಿಸಿದನು. ಹೀಗೆ ಸೇರಿದವುಗಳಲ್ಲಿ ಅಯೋನಿಯನ್ ಎಂಬುದು ಸ್ವರಸ್ಥಾನಗಳಲ್ಲಿ ನಮ್ಮ ಶಂಕರಾಭರಣ, ಈಯೋಲಿಯನ್ ಎಂಬುದು ನಠಭೈರವಿ. ಒಬ್ಬರನ್ನೊಬ್ಬರು ಕೇಳಿಯೂ ಅರಿಯದ ಈ ಇಬ್ಬರಲ್ಲಿ, ಬಾಸೆಲಿನವನು ತಿರುಗುವ ಚಕ್ರವನ್ನೇ ಉಳಿಸಿಕೊಂಡು ಅದನ್ನು ಪೂರ್ತಿಗೊಳಿಸಿದನು. ವಿಜಯನಗರದವನು ಚಕ್ರವನ್ನು ನಿಲ್ಲಿಸಿದನು.

ರಾಮಾಮಾತ್ಯನ ಗ್ರಂಥಕ್ಕೆ ಹದಿನೈದು ವರ್ಷ ತುಂಬುವಷ್ಟರಲ್ಲಿ ರಕ್ಕಸತಂಗಡಿಯ ಯುದ್ಧವಾಗಿ, ಗ್ರಂಥವನ್ನು ಬರೆಯಿಸಿದ ರಾಮರಾಯನೂ ಅದು ಹುಟ್ಟಿದ ನಗರವೂ ನಾಶವಾದುವು. ವಿದ್ಯೆ ಮಾತ್ರ ಉಳಿಯಿತು. ಶಿವಗಂಗೆಯ ಸಮೀಪದ ಸಾತನೂರಿನ ಪುಂಡರೀಕವಿಠ್ಠಲನು ಅದೇ ಶತಮಾನದಲ್ಲಿ ಮೇಳದ ವಿಚಾರವನ್ನು ಖಾನದೇಶದ ಬುರ್ಹಾನ್‌ಖಾನನ ಆಸ್ಥಾನಕ್ಕೂ ಅಲ್ಲಿಂದ ಮುಂದೆ ಉತ್ತರದೇಶಕ್ಕೂ ಕೊಂಡೊಯ್ದು ಸದ್ರಾಗಚಂದ್ರೋದಯ, ರಾಗಮಂಜರಿಗಳನ್ನು ರಚಿಸಿದನು. ದಕ್ಷಿಣದಲ್ಲಿ ಅದಕ್ಕೆ ಆಶ್ರಯವಾದುದು ತಂಜಾವೂರಿನ ನಾಯಕರ ಅರಮನೆ. ಅಲ್ಲಿ ಮಂತ್ರಿಯಾಗಿದ್ದ ಗೋವಿಂದದೀಕ್ಷಿತನು ಕನ್ನಡ ಮನೆತನದವನು. ಅವನ ಮಗ ವೆಂಕಟಮಖಿಯು 17ನೆಯ ಶತಮಾನದಲ್ಲಿ, ವಿಜಯರಾಘವನಾಯಕನ ಕಾಲದಲ್ಲಿ, ಚತುರ್ದಂಡಿಪ್ರಕಾಶಿಕೆಯನ್ನು ಬರೆದನು. ಅದರ ಮೊದಲ ಪ್ರಕರಣವೇ ವೀಣಾಪ್ರಕರಣವೆಂಬುದು ಆಕಸ್ಮಿಕವಲ್ಲ. ರಾಮಾಮಾತ್ಯನನ್ನು ಅವನು ಬಹಳ ಕಠಿಣವಾಗಿ ಖಂಡಿಸುತ್ತಾನೆ. ಆದರೆ ರಾಮಾಮಾತ್ಯನು ಕೂರಿಸಿಕೊಟ್ಟ ಮೆಟ್ಟಿಲುಗಳಿಲ್ಲದೆ ಅವನ ಲೆಕ್ಕ ಮುಂದುವರಿಯುತ್ತಿರಲಿಲ್ಲವೆಂದು ಹೇಳಲೇಬೇಕು.

ಲೆಕ್ಕ ಸುಲಭ, ಸುಂದರ. ಷಡ್ಜ ಪಂಚಮಗಳು ಅಚಲ. ಷಡ್ಜಕ್ಕೂ ಮಧ್ಯಮಕ್ಕೂ ನಡುವೆ ನಾಲ್ಕು ಸ್ಥಾನಗಳು. ಅವುಗಳಲ್ಲಿ ಎರಡನ್ನಾರಿಸಿ ಕೆಳಗಿನದನ್ನು ಋಷಭವೆಂದೂ ಮೇಲಿನದನ್ನು ಗಾಂಧಾರವೆಂದೂ ಕರೆಯುವುದಾದರೆ ಆರು ಜೋಡಿಗಳಾಗುವುವು, ಏಳನೆಯದು ಆಗದು. ಪಂಚಮದ ಮೇಲೆ ಧೈವತನಿಷಾದಗಳಿಗೂ ಇದೇ ಆರು. ಆರನ್ನು ಆರರಿಂದ ಗುಣಿಸಿದರೆ 36. ಶುದ್ಧಮಧ್ಯಮದೊಡನೆ ಒಮ್ಮೆ, ಪ್ರತಿಮಧ್ಯಮದೊಡನೆ ಒಮ್ಮೆ ಎಂದರೆ 72. ಒಂದೇ ಸ್ಥಾನಕ್ಕೆ ಚತುಶ್ರುತಿ ಋಷಭವೆಂದೂ ಶುದ್ಧಗಾಂಧಾರವೆಂದೂ ಎರಡು ಹೆಸರು ಬರುವುದು ಇದರಿಂದಲೇ; ಇಂತಹ ಸ್ವರಗಳು ಸೇರಿದ 40 ಮೇಳಗಳನ್ನು ವಿವಾದಿ ಮೇಳಗಳೆಂದು ಕರೆದು ಹಾಡಲು ಹಿಂಜರಿದವರು ಬಹುಮಂದಿ. ಈ ಸಂಖ್ಯೆಗೆ ಒಂದನ್ನು ಕೂಡಿಸುವುದಾಗಲಿ ಕಳೆಯುವುದಾಗಲಿ ಪರಶಿವನಿಗೂ ಅಸಾಧ್ಯವೆಂಬ ವೆಂಕಟಮಖಿಯ ಧೈರ್ಯವು ಗಣಿತಜ್ಞನ ಧೈರ್ಯ. ಆದರೆ ಅವುಗಳಲ್ಲಿ ತನ್ನ ಕಾಲಕ್ಕೆ ಬಳಕೆಯಲ್ಲಿದ್ದವು 19 ಮಾತ್ರವೆಂದು ಬರೆದಿಡುವ ವಿವೇಕವೂ ಅವನಿಗಿತ್ತು. ಉಳಿದುವು ಬರಲಿರುವ ರಾಗಗಳಿಗಾಗಿ ತೆರವಾಗಿರಿಸಿದ ಸ್ಥಾನಗಳು.

ಮೇಳಗಳ ಇಂದಿನ ಹೆಸರುಗಳು ಅನಂತರದವರ ಕೆಲಸ. ಹೆಸರಿನ ಮೊದಲ ಅಕ್ಷರಗಳಿಂದ ಸಂಖ್ಯೆಯನ್ನು ತೋರಿಸುವ ಕಟಪಯಾದಿ ಸೂತ್ರಕ್ಕೆ ಹೊಂದಿಸಲೆಂದು ಮಾಳವಗೌಳಕ್ಕೆ ‘ಮಾಯಾ’ ಸೇರಿಸಿ 15 ಎಂಬ ಸಂಖ್ಯೆಯನ್ನು ಹೊರಡಿಸಿದರು, ಶಂಕರಾಭರಣಕ್ಕೆ ‘ಧೀರ’ ಸೇರಿಸಿ 29 ಮಾಡಿದರು, ಕಲ್ಯಾಣಿಗೆ ‘ಮೇಚ’ ಸೇರಿಸಿ 65 ಮಾಡಿದರು.

ತೆರವಾಗಿದ್ದ ಸ್ಥಾನಗಳಿಗೆ ಪ್ರಾಣಪ್ರತಿಷ್ಠೆ ಮಾಡಿದವರು ವಾಗ್ಗೇಯಕಾರರು. ಖರಹರಪ್ರಿಯಕ್ಕೆ ತ್ಯಾಗರಾಜರು ಕೃತಿಗಳನ್ನು ಕೊಡದಿದ್ದರೆ ಅದು 22 ಎಂಬ ಸಂಖ್ಯೆಯಾಗಿಯೇ ಉಳಿಯುತ್ತಿತ್ತೇನೋ. ಮಹಾವೈದ್ಯನಾಥ ಅಯ್ಯರವರು 72 ಮೇಳಗಳನ್ನೂ ಒಂದೇ ರಾಗಮಾಲಿಕೆಯಲ್ಲಿ ಪೋಣಿಸಿದರು. ಕೋಟೀಶ್ವರ ಅಯ್ಯರವರು ಒಂದೊಂದು ಮೇಳಕ್ಕೂ ಒಂದೊಂದು ಕೃತಿಯನ್ನು ರಚಿಸಿ ವಿವಾದಿಗಳ ಭಯವನ್ನು ಬಹುಮಟ್ಟಿಗೆ ಕಳೆದರು. ಉತ್ತರದ ಭಾತಖಂಡೆಯವರು 1904ರಲ್ಲಿ ದಕ್ಷಿಣಕ್ಕೆ ಬಂದು, ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡು, ವೆಂಕಟಮಖಿಯ ಪದ್ಧತಿಯನ್ನು ಪರಿಶೀಲಿಸಿ, ತಮ್ಮ ಸಂಗೀತಕ್ಕೆ ಹತ್ತು ಥಾಟುಗಳು ಸಾಕೆಂದು ಆರಿಸಿಕೊಂಡರು. ಇಂದು ಧಾರವಾಡದಲ್ಲಿ ಕಾಫಿ ಥಾಟನ್ನೂ ಮೈಸೂರಿನಲ್ಲಿ 22ನೆಯ ಮೇಳವನ್ನೂ ಕಲಿಯುವ ಮಕ್ಕಳು ಒಂದೇ ಸ್ವರಗಳನ್ನು ಕಲಿಯುತ್ತಾರೆ, ಒಂದೇ ಮೂಲದ ಎರಡು ಕವಲುಗಳಲ್ಲಿ.

ಷಡ್ಜ ನಿಂತಿತೆಂದ ಮಾತ್ರಕ್ಕೆ ಹಳೆಯ ಮೂರ್ಛನೆ ಸಾಯಲಿಲ್ಲವೆಂಬುದು ನನಗೆ ಬಹು ಸಂತೋಷದ ಸಂಗತಿ. ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯವು ನಂಬಿರುವ ಬಾಲಪಾಠದ ಮಾಯಾಮಾಳವಗೌಳವನ್ನೇ ತೆಗೆದುಕೊಳ್ಳಿ. ಅದರ ಪೂರ್ವಾರ್ಧ ಹೇಗೋ ಉತ್ತರಾರ್ಧ ಹಾಗೆಯೇ; ಮಗುವಿನ ಕಂಠ ಒಮ್ಮೆ ಕಲಿತುದನ್ನೇ ಪಂಚಮದಿಂದ ಮತ್ತೊಮ್ಮೆ ನುಡಿದರಾಯಿತು. ಆ ಮೇಳದ ಮಧ್ಯಮವನ್ನು ಷಡ್ಜವೆಂದು ಹಿಡಿದರೆ ಸಿಂಹೇಂದ್ರಮಧ್ಯಮವು ಬರುವುದು. ಋಷಭವನ್ನು ಹಿಡಿದರೆ ಬರುವುದು ರಸಿಕಪ್ರಿಯ, ಎಂದರೆ ಪಟ್ಟಿಯ ಕಟ್ಟಕಡೆಯ 72ನೆಯ ಮೇಳ. ಮೊದಲ ಪಾಠದ ಹೊಟ್ಟೆಯಲ್ಲಿ ಕೊನೆಯ ಮೇಳ ಅಡಗಿರುವುದನ್ನು ಸಂಖ್ಯೆಗಳ ಕ್ರಮವು ಹೇಳಲಾರದು. ತಿರುಗಿಸಿ ಕೇಳಿದ ಕಿವಿ ಹೇಳುತ್ತದೆ.

ಇನ್ನು ರಾಗಗಳು ಮೇಳಗಳ ಅಧೀನದಲ್ಲಿವೆಯೇ ಎಂದರೆ, ಮುಖಾರಿಯ ಚರಿತ್ರೆಯನ್ನು ನೋಡಬೇಕು. ರಾಮಾಮಾತ್ಯನಿಗೆ ಮುಖಾರಿಯೇ ಮೊದಲ ಮೇಳ, ಏಳು ಸ್ವರಗಳೂ ಶುದ್ಧವಾದ ಮೂಲಮೇಳ. ಆ ಸ್ಥಾನಕ್ಕೆ ಈಗ ಕನಕಾಂಗಿಯೆಂದು ಹೆಸರು, ಅದನ್ನು ಹಾಡುವವರು ವಿರಳ. ಮುಖಾರಿಯಾದರೋ ಇಂದು 22ನೆಯ ಮೇಳದ ಜನ್ಯವೆಂದು ಎಣಿಸಲ್ಪಟ್ಟು, ಏರುವಾಗ ಚತುಶ್ರುತಿ ಧೈವತವನ್ನು ಹಿಡಿದು ಇಳಿಯುವಾಗ ಶುದ್ಧಧೈವತಕ್ಕೆ ಜಾರುತ್ತ, ಯಾವ ಒಂದು ಮೇಳದೊಳಗೂ ಪೂರ್ತಿಯಾಗಿ ಅಡಗದೆ, ಕರುಣರಸಕ್ಕೆ ಹೆಸರಾಗಿ, ನಮ್ಮ ಗಾಯಕರ ಕಂಠದಲ್ಲಿ ಬಾಳುತ್ತಿದೆ.